ಮಾಫಿಯಾ ರೂಮ್‌ಗೆ ಬಂದೂಕಿಗಿಂತ ಲೆಕ್ಕದ ಪುಸ್ತಕ ಮುಖ್ಯ

ಪ್ರಶ್ನೆ: ನಾನು ಮತ್ತು ನನ್ನ ಭಾವ ಸೇರಿ ಮೈಸೂರಿನಲ್ಲಿ ಒಂದು ಎಸ್ಕೇಪ್ ರೂಮ್ (ಒಗಟು ಬಿಡಿಸುತ್ತಾ ಇಂತಿಷ್ಟು ಸಮಯದೊಳಗೆ ಕೋಣೆಯಿಂದ ಹೊರಬರುವ ಆಟ) ಶುರು ಮಾಡಬೇಕು ಅಂತಿದ್ದೇವೆ. ಲಕ್ಷ್ಮೀಪುರಂ ಕಡೆ ಒಂದು ಹಳೇ ಮನೆಯ ಎರಡು ಕೋಣೆ ಬಾಡಿಗೆಗೆ ಸಿಗುತ್ತಿದೆ. ಮಾಫಿಯಾ ಥೀಮ್ ಇಡೋಣ ಅನ್ನುವುದು ಭಾವನ ಆಸೆ. ಬೇರೆ ಊರಲ್ಲಿ ಇಂಥದ್ದೇ ಒಂದನ್ನು ಆಡಿ ಬಂದೆವು. ಗೋಡೆ ತುಂಬ ಬಂದೂಕು, ಟೋಪಿ, ಕೆಂಪು ದೀಪ ಎಲ್ಲ ಇತ್ತು. ಆದರೂ ಅರ್ಧ ಗಂಟೆಗೇ ಬೇಜಾರಾಯಿತು. ಎಲ್ಲಿ ತಪ್ಪಾಗುತ್ತದೆ? ಒಗಟುಗಳನ್ನು ಕನ್ನಡದಲ್ಲೇ ಮಾಡಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಆ ರೂಮಿನ ಗೋಡೆ ಮೇಲೆ ಏನೇನಿತ್ತು ಅಂತ ಬರೆದಿದ್ದೀರಿ. ಆದರೆ ಅಲ್ಲಿ ನೀವು ಯಾರಾಗಿದ್ದಿರಿ ಅಂತ ಬರೆದಿಲ್ಲ. ಬಹುಶಃ ಅವರು ನಿಮಗೆ ಅದನ್ನು ಹೇಳಿಯೇ ಇಲ್ಲ. ಒಳಗೆ ಬಿಟ್ಟರು, ಬಾಗಿಲು ಹಾಕಿದರು, ಅರವತ್ತು ನಿಮಿಷ ಅಂದರು. ನೀವು ಬೀಗ ಹುಡುಕಿದಿರಿ, ನಂಬರ್ ಹುಡುಕಿದಿರಿ, ಇನ್ನೊಂದು ಬೀಗ ಸಿಕ್ಕಿತು. ಆ ಬಂದೂಕುಗಳನ್ನು ತೆಗೆದು ಭೂತದ ಬೊಂಬೆ ಇಟ್ಟಿದ್ದರೆ ಅದೇ ಆಟ ಭೂತದ ಮನೆ ಆಗುತ್ತಿತ್ತು. ಬೇಜಾರು ಬರುವುದು ಅಲ್ಲೇ.

2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೋ ಕಾಟೋ ಅನ್ನುವವರು ಈ ಆಟ ಶುರು ಮಾಡಿದಾಗ ಕಂಪ್ಯೂಟರಿನಲ್ಲಿ ಆಡುವ ಒಗಟನ್ನು ನಿಜವಾದ ಕೋಣೆಗೆ ತಂದದ್ದೇ ಹೊಸದು. ಆಗ ಒಗಟೊಂದೇ ಸಾಕಾಗಿತ್ತು. ಈಗ ನಮ್ಮ ಕಾಲೇಜು ಹುಡುಗರೂ ಎರಡು ಮೂರು ಕಡೆ ಆಡಿ ಬಂದಿರುತ್ತಾರೆ. ಅವರಿಗೆ ಕಥೆ ಬೇಕು. ಮಾಫಿಯಾದಲ್ಲಿ ಕಥೆ ಬೇಕಾದಷ್ಟಿದೆ. ಆದರೆ ಅದು ಇರುವುದು ಬಂದೂಕಿನಲ್ಲಿ ಅಂತ ನನಗೆ ಅನ್ನಿಸುವುದಿಲ್ಲ. ಲೆಕ್ಕ, ಚೀಟಿ, ಬಾಯಿ ಮುಚ್ಚಿಕೊಂಡಿರುವುದು, ಯಾರನ್ನು ನಂಬುವುದು ಅನ್ನುವ ಅನುಮಾನ, ಅದೆಲ್ಲ ಸೇರಿ ಮಾಫಿಯಾ. ನಿಮ್ಮ ಎರಡು ಕೋಣೆಯಲ್ಲಿ ಇವು ಸಲೀಸಾಗಿ ಹಿಡಿಸುತ್ತವೆ.

ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆ ಕಾಲದಲ್ಲಿ ಶಿಕಾಗೊದ ಗ್ಯಾಂಗ್ ಸರದಾರ ಅಲ್ ಕಪೋನ್ ಕಳ್ಳ ಸಾರಾಯಿಯಲ್ಲಿ ಕೋಟಿಗಟ್ಟಲೆ ದುಡಿದ. ಕೊಲೆ ಕೇಸಿನಲ್ಲಿ ಅವನನ್ನು ಹಿಡಿಯಲು ಆಗಲಿಲ್ಲ. ಸಾಕ್ಷಿ ಹೇಳುವವರೇ ಇರಲಿಲ್ಲ. ಕೊನೆಗೆ ಅವನು ಬಿದ್ದದ್ದು ಆದಾಯ ತೆರಿಗೆ ಕೇಸಿನಲ್ಲಿ. 1931ರ ಅಕ್ಟೋಬರಿನಲ್ಲಿ ಹನ್ನೊಂದು ವರ್ಷ ಜೈಲಾಯಿತು. ಇದು ಹೇಗಾಯಿತು ಗೊತ್ತಾ? ಫ್ರಾಂಕ್ ವಿಲ್ಸನ್ ಅನ್ನುವ ತೆರಿಗೆ ಅಧಿಕಾರಿಗೆ ಹಳೇ ದಾಳಿಯೊಂದರಲ್ಲಿ ತಂದು ಯಾರೂ ಸರಿಯಾಗಿ ನೋಡದೆ ಇಟ್ಟಿದ್ದ ಜೂಜಿನ ಅಡ್ಡೆಯ ಲೆಕ್ಕದ ಪುಸ್ತಕಗಳು ಸಿಕ್ಕವು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ವಿಲ್ಸನ್ ಆ ಕೈಬರಹವನ್ನು ಬೇರೆ ಬೇರೆ ಕಾಗದಗಳ ಜೊತೆ ಹೋಲಿಸುತ್ತಾ ಹೋದರು. ಕೊನೆಗೆ ಅದನ್ನು ಬರೆದ ಗುಮಾಸ್ತ ಸಿಕ್ಕ, ಕೋರ್ಟಿನಲ್ಲಿ ಸಾಕ್ಷಿ ಹೇಳಿದ.

ನೋಡಿ, ಇದೇ ಒಂದು ಪೂರ್ತಿ ಎಸ್ಕೇಪ್ ರೂಮ್. ನನ್ನನ್ನು ಕೇಳಿದರೆ ನಿಮ್ಮ ರೂಮನ್ನು 1931ರ ಶಿಕಾಗೊದ ಒಬ್ಬ ಗುಮಾಸ್ತನ ಆಫೀಸು ಮಾಡಿ. ಹೊರಗೆ ನೋಡುವುದಕ್ಕೆ ಸಕ್ಕರೆ ವ್ಯಾಪಾರ, ಒಳಗೆ ಸಾರಾಯಿ ಲೆಕ್ಕ. ಸಾರಾಯಿ ಕಾಯಿಸುವವರು ಆಗ ಮೂಟೆಗಟ್ಟಲೆ ಸಕ್ಕರೆ ಕೊಳ್ಳುತ್ತಿದ್ದರು, ಹಾಗಾಗಿ ಕಥೆಗೂ ಹೊಂದುತ್ತದೆ. ಆಡಲು ಬಂದವರು ಆ ಗುಮಾಸ್ತನ ಕೈಕೆಳಗಿನವರು. ಅವರಲ್ಲಿ ಯಾರಿಗೂ ಈ ಕೆಲಸ ಇನ್ನು ಬೇಡ. ಯಜಮಾನ ಊಟಕ್ಕೆ ಹೋಗಿದ್ದಾನೆ, ಒಂದು ಗಂಟೆಯಲ್ಲಿ ವಾಪಸ್ ಬರುತ್ತಾನೆ. ಅಷ್ಟರಲ್ಲಿ ನಿಜವಾದ ಲೆಕ್ಕದ ಪುಸ್ತಕ ಹುಡುಕಿ ಸರ್ಕಾರದ ಕೈಗೆ ಮುಟ್ಟಿಸಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಇಷ್ಟು ಹೇಳಿಬಿಟ್ಟರೆ ಬಾಗಿಲು ತೆರೆಯುವುದು ಆಟದ ಗುರಿಯಾಗಿ ಉಳಿಯುವುದೇ ಇಲ್ಲ. ಅದರಿಂದ ಇನ್ನೊಂದು ದೊಡ್ಡ ಲಾಭ ಇದೆ, ಆಮೇಲೆ ಬರುತ್ತೇನೆ.

ಕೈಬರಹದ ಒಗಟನ್ನು ಹೀಗೆ ಮಾಡಬಹುದು. ಯುರೋಪಿನ ಕಡೆಯವರು 7 ಬರೆಯುವಾಗ ನಡುವೆ ಒಂದು ಅಡ್ಡಗೆರೆ ಎಳೆಯುವುದು ರೂಢಿ. ನಿಮ್ಮ ಕಳ್ಳ ಲೆಕ್ಕದ ಪುಸ್ತಕದಲ್ಲಿ ಎಲ್ಲ 7ಕ್ಕೂ ಆ ಗೆರೆ ಇರಲಿ. ಕೋಣೆಯಲ್ಲಿ ಇನ್ನೂ ಐದು ಜನರ ಬರಹ ಇರಲಿ: ಹಾಲಿನ ಲೆಕ್ಕ, ಹೋಟೆಲ್ ರಿಜಿಸ್ಟರು, ಬ್ಯಾಂಕಿನ ಚಲನ್, ಒಂದು ಶುಭಾಶಯ ಪತ್ರ, ಗೋಡೆ ಕ್ಯಾಲೆಂಡರಿನ ಮೇಲೆ ಗೀಚಿದ ಟಿಪ್ಪಣಿ. ಗೆರೆ ಎಳೆಯುವವರು ಇಬ್ಬರು ಇರಲಿ, ಒಬ್ಬರಾದರೆ ತೀರ ಸುಲಭ. ಆ ಇಬ್ಬರಲ್ಲಿ ಒಬ್ಬನು ಎಡಗೈಯವನು, ಅವನ ಶಾಯಿ ಬಲಗಡೆಗೆ ಒರೆಸಿಕೊಂಡಿರುತ್ತದೆ. ಇದನ್ನು ಮೊದಲು ಕಂಡುಹಿಡಿಯುವವರು ಸಾಮಾನ್ಯವಾಗಿ ಟೀಚರುಗಳು, ಬ್ಯಾಂಕಿನವರು. ಮನೆಯವರೆಲ್ಲ ಸೇರಿ ಬಂದಾಗ ಅಮ್ಮನೋ ದೊಡ್ಡಪ್ಪನೋ 'ಇಲ್ಲಿ ನೋಡ್ರೋ' ಅಂದು ಕನ್ನಡಕ ಏರಿಸಿಕೊಂಡು ಮುಂದೆ ಬರುತ್ತಾರಲ್ಲ, ಆ ಗಳಿಗೆಗಾಗಿ ನಾನು ಈ ಕೆಲಸ ಮಾಡುತ್ತೇನೆ.

ಇನ್ನೊಂದು ನಿಜವಾದ ಸಂಗತಿ ಇಟಲಿಯ ಸಿಸಿಲಿ ದ್ವೀಪದ್ದು. ಅಲ್ಲಿಯ ಮಾಫಿಯಾ ದೊರೆ ಬರ್ನಾರ್ಡೊ ಪ್ರೊವೆನ್ಸಾನೊ ನಲವತ್ತು ವರ್ಷಕ್ಕೂ ಜಾಸ್ತಿ ತಲೆಮರೆಸಿಕೊಂಡಿದ್ದ. ಫೋನ್ ಮುಟ್ಟುತ್ತಿರಲಿಲ್ಲ. ಟೈಪ್‌ರೈಟರಿನಲ್ಲಿ ಪುಟ್ಟ ಪುಟ್ಟ ಚೀಟಿ ಹೊಡೆದು, ಮಡಚಿ, ಕೈಯಿಂದ ಕೈಗೆ ಕಳಿಸುತ್ತಿದ್ದ. ಅವಕ್ಕೆ ಅಲ್ಲಿ 'ಪಿಟ್ಸೀನಿ' ಅನ್ನುತ್ತಾರೆ. ಹೆಸರಿನ ಜಾಗದಲ್ಲಿ ಅಂಕಿ. ಕೆಲವು ಚೀಟಿಗಳ ಗುಟ್ಟು ತುಂಬ ಸರಳವಾಗಿತ್ತು: ಎ ಅಕ್ಷರಕ್ಕೆ 4, ಬಿ ಅಕ್ಷರಕ್ಕೆ 5, ಹೀಗೆ ಮೂರು ಕೂಡಿಸಿದ ಲೆಕ್ಕ. 2006ರ ಏಪ್ರಿಲ್ 11ರಂದು ಕೊರ್ಲಿಯೊನೆ ಊರಿನ ಹತ್ತಿರದ ತೋಟದ ಮನೆಯೊಂದರಲ್ಲಿ ಅವನು ಸಿಕ್ಕಿಬಿದ್ದ. ಪೊಲೀಸರು ಅಲ್ಲಿಗೆ ಹೋದದ್ದು ಒಂದು ಬಟ್ಟೆ ಗಂಟಿನ ಹಿಂದೆ. ಹೆಂಡತಿ ಮನೆಯಿಂದ ಹೊರಟ ಒಗೆದ ಬಟ್ಟೆಯ ಗಂಟು ಯಾರ ಯಾರ ಕೈ ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಕಾದು ನೋಡಿದರು.

ಬಟ್ಟೆ ಗಂಟು ಅಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಧೋಬಿ ಗುರುತು. ಹಿಂದೆ ಬಟ್ಟೆ ಒಗೆಯಲು ಕೊಟ್ಟರೆ ಕಾಲರಿನ ಒಳಗೆ ಅಳಿಸದ ಶಾಯಿಯಲ್ಲಿ ಒಂದು ಚುಕ್ಕಿ, ಎರಡು ಗೆರೆ, ಏನೋ ಒಂದು ಗುರುತು ಇರುತ್ತಿತ್ತಲ್ವಾ? ಅದನ್ನು ಹಾಗೇ ಬಳಸಿ. ಗೂಟಕ್ಕೆ ನಾಲ್ಕು ಕೋಟು ತೂಗುಹಾಕಿ. ಮೇಜಿನ ಡ್ರಾಯರಿನಲ್ಲಿ ಲಾಂಡ್ರಿ ಪುಸ್ತಕ ಇಡಿ. ಕಾಲರ್ ಮಡಚಿ ನೋಡಿದವರಿಗೆ ಗುರುತು ಸಿಗುತ್ತದೆ. ಪುಸ್ತಕದಲ್ಲಿ ಆ ಗುರುತಿನ ಎದುರು ಮನೆ ನಂಬರ್ ಇರುತ್ತದೆ. ಯಾವ ಕೋಟು ಯಾರದು ಅಂತ ತಿಳಿದರೆ ಯಾರ ಜೇಬಿನಲ್ಲಿದ್ದ ಚೀಟಿ ಸುಳ್ಳು ಅಂತ ಗೊತ್ತಾಗುತ್ತದೆ. ವಯಸ್ಸಾದವರಿಗೆ ಇದು ತಕ್ಷಣ ಹೊಳೆಯುತ್ತದೆ, ಹುಡುಗರಿಗೆ ಅವರು ಹೇಳಿಕೊಡಬೇಕಾಗುತ್ತದೆ. ಅಂಥ ಒಗಟು ತಂಡದೊಳಗೆ ಮಾತು ಹುಟ್ಟಿಸುತ್ತದೆ.

ಈಗ ಕನ್ನಡದ ಪ್ರಶ್ನೆಗೆ ಬರೋಣ. ಖಂಡಿತ ಮಾಡಬಹುದು. ಆದರೆ ಇಂಗ್ಲಿಷ್ ಒಗಟನ್ನು ಹಾಗೇ ತಂದು ಕನ್ನಡ ಅಕ್ಷರ ಹಾಕಿದರೆ ಕೆಡುತ್ತದೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ, ಒಂದರ ಪಕ್ಕ ಒಂದು. ಮೂರು ಮನೆ ಮುಂದಕ್ಕೆ ಅಂದರೆ ಮುಗಿಯಿತು. ನಮ್ಮದರಲ್ಲಿ ಗುಣಿತ ಇದೆ, ಒತ್ತಕ್ಷರ ಇದೆ. 'ಕಿ'ಗೆ ಮೂರು ಮನೆ ಮುಂದೆ ಯಾವುದು? ಅದಕ್ಕೇ ನಾನು ಕಾಗುಣಿತದ ಕೋಷ್ಟಕವನ್ನೇ ಗುಟ್ಟು ಮಾಡುತ್ತೇನೆ. ವ್ಯಂಜನಕ್ಕೆ ಒಂದು ಅಂಕಿ, ಸ್ವರಕ್ಕೆ ಒಂದು ಅಂಕಿ. ಕ ಅಂದರೆ 1, ಖ ಅಂದರೆ 2, ಹೀಗೆ ಳ ಬರುವ ಹೊತ್ತಿಗೆ 34. ಅ ಅಂದರೆ 1, ಆ ಅಂದರೆ 2, ಇ ಅಂದರೆ 3. ಈಗ ಚೀಟಿಯಲ್ಲಿ ಹೀಗೆ ಟೈಪ್ ಮಾಡಿ: 3-1, 13-3, 26-2, 27-1. ಮೂರನೇ ವ್ಯಂಜನ ಗ. ಹದಿಮೂರನೆಯದು ಡ, ಅದಕ್ಕೆ ಇ ಸೇರಿದರೆ ಡಿ. ಇಪ್ಪತ್ತಾರು ಯ, ದೀರ್ಘ ಸೇರಿ ಯಾ. ಇಪ್ಪತ್ತೇಳು ರ. ಗಡಿಯಾರ! ಎಲ್ಲರೂ ಒಟ್ಟಿಗೆ ಗೋಡೆ ಕಡೆ ತಿರುಗುತ್ತಾರೆ. ಒಂದನೇ ಕ್ಲಾಸಿನಲ್ಲಿ ಗೋಡೆಗೆ ನೇತುಹಾಕುವ ವರ್ಣಮಾಲೆ ಚಾರ್ಟು ಬುಕ್ ಸ್ಟಾಲಿನಲ್ಲಿ ಸಿಗುತ್ತದೆ. ಅದನ್ನು ಗುಮಾಸ್ತನ ಮಗುವಿನದು ಅಂತ ಮೂಲೆಯಲ್ಲಿ ಇಟ್ಟರೆ ಸುಳಿವೂ ಆಯಿತು. ಒತ್ತಕ್ಷರ ಇಲ್ಲದ ಪದಗಳನ್ನೇ ಆರಿಸಿ: ಮಾವು, ಕಪಾಟು, ಕಿಟಕಿ, ದೀಪ. ಬೀಗದ ಮೇಲೆ ಕನ್ನಡ ಅಂಕಿ ಮಾತ್ರ ಬೇಡ. ಮಬ್ಬು ಬೆಳಕಿನಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಸರಿಯಾಗಿ ಬಿಡಿಸಿದವರೂ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತಾರೆ.

ದಸರಾ ಹೊತ್ತಿನಲ್ಲಿ ಹೊರಗಿನಿಂದ ಬಂದ ಕನ್ನಡ ಓದಲು ಬಾರದವರೂ ಆಡಲು ಕೇಳುತ್ತಾರೆ. ಅವರಿಗೆ ಬೇರೆ ಚೀಟಿಗಳ ಇನ್ನೊಂದು ಕಟ್ಟು ಸಿದ್ಧ ಇಟ್ಟುಕೊಳ್ಳಿ. ಜೊತೆಗೆ, ಓದುವ ಅಗತ್ಯವೇ ಇಲ್ಲದ ಕೆಲಸ ಅರ್ಧದಷ್ಟಾದರೂ ಇರಲಿ. ಒಂದು ತಕ್ಕಡಿ, ಆರು ಸಣ್ಣ ಸಕ್ಕರೆ ಚೀಲ. ಒಂದರೊಳಗೆ ಕಬ್ಬಿಣದ ಬೀಗದ ಕೈ. ಮಂಡ್ಯ ಕಡೆಯ ಆಲೆಮನೆಯಲ್ಲಿ ಓಡಾಡಿ ಬೆಳೆದವರು ತಕ್ಕಡಿ ಮುಟ್ಟದೆ ಕೈಯಲ್ಲೇ ತೂಗಿ ಹೇಳಿದ್ದನ್ನು ನೋಡಿದ್ದೇನೆ. ಅದೂ ಸರಿಯಾದ ಉತ್ತರವೇ, ತಡೆಯಬೇಡಿ.

ಶಿಕಾಗೊದವರು ಕನ್ನಡ ಮಾತಾಡುತ್ತಾರಾ ಅಂತ ಭಾವ ಕೇಳಬಹುದು. ರಂಗಾಯಣದಲ್ಲಿ ಹೊರದೇಶದ ನಾಟಕಗಳನ್ನು ಕನ್ನಡದಲ್ಲೇ ನೋಡಿ ಬೆಳೆದ ಊರು ಇದು. ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಆದರೆ ಕಥೆಯನ್ನು ಎತ್ತಿ ನಮ್ಮೂರಿಗೆ ತರಬೇಡಿ. ಮರಳು ಮಾಫಿಯಾ, ಭೂ ಮಾಫಿಯಾ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ, ಅದರಲ್ಲಿ ಪೆಟ್ಟು ತಿಂದವರು ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಅವರ ಮನೆಯವರು ನಿಮ್ಮ ರೂಮಿಗೆ ಬಂದರೆ ಅದು ಆಟ ಆಗುವುದಿಲ್ಲ.

ಇದೇ ಕಾರಣಕ್ಕೆ ಆಟಗಾರರನ್ನು ಡಾನ್ ಕಡೆಯವರನ್ನಾಗಿ ಮಾಡುವುದು ನನಗೆ ಇಷ್ಟ ಇಲ್ಲ. ಸಿಸಿಲಿಯಲ್ಲಿ ಮಾಫಿಯಾ ವಿರುದ್ಧ ನಿಂತ ಜಡ್ಜ್ ಜೊವಾನಿ ಫಾಲ್ಕೋನೆ ಅವರನ್ನು 1992ರ ಮೇ 23ರಂದು ಹೆದ್ದಾರಿಗೇ ಬಾಂಬಿಟ್ಟು ಕೊಂದರು. ಎರಡು ತಿಂಗಳೊಳಗೆ ಅವರ ಗೆಳೆಯ, ಜಡ್ಜ್ ಪಾವೊಲೊ ಬೊರ್ಸೆಲಿನೊ ಅವರನ್ನೂ ಕೊಂದರು. ಅಲ್ಲಿಯ ಅಂಗಡಿಯವರು 'ಪಿಟ್ಸೊ' ಅಂತ ಕೊಡಬೇಕಾದದ್ದು ನಮ್ಮ ಹಫ್ತಾನೇ. 2004ರಲ್ಲಿ ಸಿಸಿಲಿಯ ಪಲೆರ್ಮೊ ನಗರದ ಕೆಲವು ಯುವಕರು ರಾತ್ರೋರಾತ್ರಿ ಊರು ತುಂಬ ಚೀಟಿ ಅಂಟಿಸಿ, ಹಫ್ತಾ ಕೊಡುವುದಿಲ್ಲ ಅನ್ನುವ ಅಂಗಡಿಗಳ ಚಳವಳಿಯನ್ನೇ ಕಟ್ಟಿದರು. ಬಾಯಿ ಬಿಡಲು ಧೈರ್ಯ ಮಾಡಿದವರ ಕಥೆಯಲ್ಲಿ ಭಯವೂ ಜಾಸ್ತಿ, ಗೆದ್ದಾಗ ಖುಷಿಯೂ ಜಾಸ್ತಿ.

ಭಯದ ಮಾತು ಬಂತು. ಯಜಮಾನನ ದನಿ ಹೇಗಿರಬೇಕು? ಕಿರುಚಾಟ ಬೇಡ. ಮೇಜಿನ ಮೇಲೆ ಡಯಲ್ ತಿರುಗಿಸುವ ಕಪ್ಪು ಫೋನ್ ಇಡಿ. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಅದು ಹೊಡೆದುಕೊಳ್ಳಲಿ. ಎತ್ತಿದವರ ಕಿವಿಗೆ ಮೆತ್ತಗಿನ ದನಿ: 'ಊಟ ಆಯ್ತಾ? ಮನೆಯಲ್ಲಿ ಎಲ್ಲ ಆರಾಮಾ? ತಾಯಿಯವರ ಮಂಡಿನೋವು ಹೇಗಿದೆ?' ಒಂದು ಕ್ಷಣ ಸುಮ್ಮನಿದ್ದು, 'ಆಫೀಸಲ್ಲಿ ಯಾರ‍್ಯಾರು ಇದ್ದೀರಿ?' ಅಷ್ಟೇ. ನಮ್ಮಲ್ಲಿ ಮರ್ಯಾದೆ ಕೊಟ್ಟು ಮಾತಾಡಿಸುತ್ತಲೇ ಹೆದರಿಸುವವರನ್ನು ಎಲ್ಲರೂ ಕಂಡಿರುತ್ತೇವೆ. ಆ ದನಿ ಕೇಳಿ ಫೋನ್ ಹಿಡಿದವರ ಮುಖ ಬಣ್ಣಗೆಡುವುದನ್ನು ಉಳಿದವರು ನೋಡುತ್ತಾರೆ. ಸುಳಿವು ಕೊಡುವುದಕ್ಕೂ ಇದೇ ಫೋನು ಸಾಕು, ಆಗ ಮಾತಾಡುವುದು ಬೇರೆ ಆಫೀಸಿನ ಗುಮಾಸ್ತ. ಗೋಡೆಯ ಟಿವಿಯಲ್ಲಿ ಸುಳಿವು ಬಂದರೆ ಶಿಕಾಗೊ ಅಲ್ಲಿಗೇ ಮುಗಿಯಿತು.

ಸಿಸಿಲಿಯಲ್ಲಿ 'ಒಮೆರ್ತಾ' ಅಂತ ಇದೆ, ಏನೇ ಆದರೂ ಬಾಯಿ ಬಿಡಬಾರದು ಅನ್ನುವ ಕಟ್ಟು. ಇದನ್ನು ಆಟದೊಳಗೆ ತನ್ನಿ. ನಡುವೆ ಒಂದು ಬಲ್ಬು ಹೊತ್ತಿಕೊಂಡರೆ ಪಕ್ಕದ ಕೋಣೆಯಲ್ಲಿ ಯಾರೋ ಕಿವಿಗೊಟ್ಟಿದ್ದಾರೆ ಅಂತ ಅರ್ಥ. ಆರುವವರೆಗೆ, ನಾಲ್ಕು ನಿಮಿಷ, ಯಾರೂ ಮಾತಾಡುವ ಹಾಗಿಲ್ಲ. ಕೈಸನ್ನೆಯಲ್ಲೇ ಕೆಲಸ ನಡೆಯಬೇಕು. ಇದಕ್ಕೆ ಒಂದು ರೂಪಾಯಿಯ ಸಾಮಾನೂ ಬೇಡ. ಆಡಿ ಹೋದವರು ತಿಂಗಳಾದ ಮೇಲೂ ನೆನಪಿಟ್ಟುಕೊಂಡು ಹೇಳುವುದು ಈ ನಾಲ್ಕು ನಿಮಿಷವನ್ನೇ.

ಒಗಟುಗಳ ಜೋಡಣೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಾನು ಮೊದಲು ಮಾಡಿದ ರೂಮಿನಲ್ಲಿ ಹದಿನಾಲ್ಕು ಬೀಗ, ಒಂದಾದ ಮೇಲೆ ಒಂದು, ಸರಪಳಿ ಥರ ಇತ್ತು. ಒಬ್ಬ ಬಿಡಿಸುತ್ತಿದ್ದ, ನಾಲ್ಕು ಜನ ಅವನ ಬೆನ್ನು ನೋಡುತ್ತಾ ನಿಂತಿದ್ದರು. ಕ್ಯಾಮೆರಾದಲ್ಲಿ ಅದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಈಗ ಶುರುವಿನಲ್ಲೇ ಮೂರು ದಾರಿ ಬಿಡುತ್ತೇನೆ: ಕೋಟು, ಚೀಟಿ, ಸಕ್ಕರೆ. ಮೂರೂ ಬಂದು ಲೆಕ್ಕದ ಪುಸ್ತಕದಲ್ಲಿ ಸೇರುತ್ತವೆ. ಐದು ಜನಕ್ಕೆ ಅದು ಸರಿಹೋಗುತ್ತದೆ, ನಿಮ್ಮ ಎರಡು ಕೋಣೆಗೆ ಅದಕ್ಕಿಂತ ಜಾಸ್ತಿ ಜನ ಬೇಡ. ಮೂರಂಕಿ ಬೀಗಕ್ಕೆ ಸಾವಿರ ನಂಬರ್ ಅಂತ ನಂಬಿ ಕೂರಬೇಡಿ. ಎರಡು ಅಂಕಿ ಸಿಕ್ಕರೆ ಮೂರನೆಯದನ್ನು ಹತ್ತು ಸಲ ತಿರುಗಿಸಿ ತೆಗೆಯುತ್ತಾರೆ. ಮೂರೂ ಅಂಕಿ ಒಂದೇ ಕಡೆಯಿಂದ ಒಟ್ಟಿಗೆ ಬರುವ ಹಾಗೆ ನೋಡಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗುರಿ ಬಾಗಿಲಲ್ಲ, ಪುಸ್ತಕ ಅಂದೆನಲ್ಲ, ಅದರ ಲಾಭ ಇದು: ಹೊರಗೆ ಹೋಗುವ ಬಾಗಿಲಿಗೆ ನೀವು ಬೀಗ ಹಾಕುವ ಅಗತ್ಯವೇ ಇಲ್ಲ. ಹಾಕಲೂ ಬೇಡಿ. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಊರಿನ ಒಂದು ಎಸ್ಕೇಪ್ ರೂಮಿನಲ್ಲಿ ಬೆಂಕಿ ಹತ್ತಿ ಹದಿನೈದು ವರ್ಷದ ಐದು ಹುಡುಗಿಯರು ಸತ್ತರು. ಗೆಳತಿಯ ಹುಟ್ಟುಹಬ್ಬಕ್ಕೆ ಬಂದವರು. ಗ್ಯಾಸ್ ಹೀಟರಿನಿಂದ ಬೆಂಕಿ ಶುರುವಾಗಿತ್ತು, ಅವರಿದ್ದ ಕೋಣೆಯಿಂದ ಹೊರಬರಲು ದಾರಿ ಇರಲಿಲ್ಲ. ಆಮೇಲೆ ಆ ದೇಶದಲ್ಲಿ ಇಂಥ ರೂಮುಗಳನ್ನೆಲ್ಲ ತಪಾಸಣೆ ಮಾಡಿ ಹಲವನ್ನು ಮುಚ್ಚಿಸಿದರು. ನಮ್ಮಲ್ಲೂ 2024ರ ಮೇ 25ರಂದು ರಾಜ್‌ಕೋಟಿನ ಗೇಮ್ ಝೋನ್ ಒಂದರಲ್ಲಿ ಬೆಂಕಿಗೆ ಮಕ್ಕಳೂ ಸೇರಿ ಎಷ್ಟೋ ಜನ ಹೋದರು. ಪ್ರತಿ ಶೋ ಶುರುವಾಗುವ ಮೊದಲು ನಾನು ಆ ಐದು ಹುಡುಗಿಯರನ್ನು ನೆನೆದು ಬಾಗಿಲ ಹಿಡಿಯನ್ನು ಒಳಗಿನಿಂದ ತಿರುಗಿಸಿ ನೋಡುತ್ತೇನೆ.

ನಿಮ್ಮದು ಹಳೇ ಮನೆ. ತೊಲೆ, ಕಂಬ, ಚೌಕಟ್ಟು ಎಲ್ಲ ಮರ ಇರಬಹುದು. ವೈರಿಂಗ್ ಯಾವ ಕಾಲದ್ದೋ. ಅಡ್ವಾನ್ಸ್ ಕೊಡುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ. ಅಗ್ನಿಶಾಮಕದವರನ್ನು, ಪಾಲಿಕೆಯವರನ್ನು ಕೇಳಿ ಏನೇನು ಅನುಮತಿ ಬೇಕು ಅಂತ ಬರೆದುಕೊಳ್ಳಿ. ಕಿಟಕಿಗೆ ಪ್ಲೈವುಡ್ ಹೊಡೆಯಬೇಡಿ, ಕಪ್ಪು ಪರದೆ ಸಾಕು, ಅದೂ ಬೇಗ ಬೆಂಕಿ ಹತ್ತದ ಬಟ್ಟೆಯದು. ಸದ್ದು ತಡೆಯಲು ಅಗ್ಗದ ಫೋಮ್ ಅಂಟಿಸಬೇಡಿ. ಮೇಣದಬತ್ತಿ, ಚುಟ್ಟಾ, ಹೊಗೆ ಯಂತ್ರ ಯಾವುದೂ ಬೇಡ. ಯಾರ ಕೈಗೂ ಬೇಡಿ ಹಾಕಬೇಡಿ. ಹಿಂದಿನ ಕೋಣೆಯಿಂದ ಹಿತ್ತಲಿಗೆ ಬಾಗಿಲಿದ್ದರೆ ಆ ಮನೆ ತಗೊಳ್ಳಿ. ಇಲ್ಲದಿದ್ದರೆ ಬೇರೆ ಮನೆ ನೋಡಿ.

ಎರಡು ಕೋಣೆಯ ನಡುವಿನ ಗುಪ್ತ ಬಾಗಿಲಿಗೆ ಮ್ಯಾಗ್ನೆಟ್ ಲಾಕ್ ಹಾಕಿ. ಕರೆಂಟ್ ಇದ್ದರೆ ಹಿಡಿದಿರುತ್ತದೆ, ಹೋದರೆ ತಾನೇ ಬಿಡುತ್ತದೆ, ಅದು ಒಳ್ಳೆಯದೇ. ಆದರೆ ನಮ್ಮಲ್ಲಿ ಮಧ್ಯಾಹ್ನ ಐದು ನಿಮಿಷ ಕರೆಂಟ್ ಹೋದರೂ ಗುಪ್ತ ಬಾಗಿಲು ಎಲ್ಲರ ಕಣ್ಣೆದುರು ತೆರೆದುಕೊಳ್ಳುತ್ತದೆ. ಅದಕ್ಕೆ ಲಾಕಿಗೊಂದು ಚಿಕ್ಕ ಯುಪಿಎಸ್ ಕೊಡಿ. ತುರ್ತು ಗುಂಡಿ ಮಾತ್ರ ಯುಪಿಎಸ್ ಆದಮೇಲಿನ ತಂತಿಯನ್ನೇ ಕಡಿಯುವ ಹಾಗಿರಲಿ. ಒತ್ತಿದರೆ ಯಾವ ಪರಿಸ್ಥಿತಿಯಲ್ಲೂ ಬಾಗಿಲು ಬಿಡಬೇಕು. ಎರಡೂ ಕೋಣೆಯಲ್ಲಿ ಒಂದೊಂದು ಗುಂಡಿ, ಮಗುವಿನ ಕೈಗೂ ಎಟುಕುವ ಎತ್ತರದಲ್ಲಿ.

ಬಂದೂಕು ಇಡಲೇಬೇಕು ಅಂತ ಭಾವ ಹಟ ಮಾಡಿದರೆ ಒಂದು ಖಾಲಿ ಮರದ ಪೆಟ್ಟಿಗೆ ಇಡಿ. ಒಳಗೆ ಹತ್ತಿ ಬಟ್ಟೆಯಲ್ಲಿ ಬಂದೂಕಿನ ಆಕಾರದ ಕುಳಿ ಇರಲಿ, ಬಂದೂಕು ಇಲ್ಲದೆ ಇರಲಿ. ಮುಚ್ಚಳ ತೆರೆದವರು ಅದನ್ನು ಯಾರು ತೆಗೆದುಕೊಂಡು ಹೋದರು ಅಂತ ಯೋಚಿಸುತ್ತಾರೆ. ಉಳಿದ ಸಾಮಾನನ್ನು ಗುಜರಿ ಅಂಗಡಿಗಳಲ್ಲಿ ನಿಧಾನವಾಗಿ ಹುಡುಕಿ: ಟೈಪ್‌ರೈಟರ್, ಹಳೇ ಫೋನ್, ತಕ್ಕಡಿ, ಸುತ್ತಿಗೆಯಲ್ಲಿ ಬಡಿದರೂ ಜಗ್ಗದ ಕಬ್ಬಿಣದ ಪೆಟ್ಟಿಗೆ. ದಿನಕ್ಕೆ ಐದು ತಂಡ ಎಳೆದಾಡಿದರೆ ಹೊಸ ಪ್ಲೈವುಡ್ಡಿನ ಡ್ರಾಯರು ಬೇಗ ಹೋಗುತ್ತದೆ, ತಾತನ ಕಾಲದ ತೇಗದ ಮೇಜು ತಡೆಯುತ್ತದೆ. ಚೀಟಿ, ಪುಸ್ತಕಗಳ ಹತ್ತು ಹತ್ತು ಪ್ರತಿ ಮೊದಲೇ ಮಾಡಿಟ್ಟುಕೊಳ್ಳಿ. ಆಟದ ಬಿಸಿಯಲ್ಲಿ ಯಾರೋ ಒಬ್ಬರು ಹರಿದೇ ಹರಿಯುತ್ತಾರೆ.

ಬಾಗಿಲು ತೆರೆಯುವ ಮೊದಲು ಕನಿಷ್ಠ ಹತ್ತು ತಂಡಕ್ಕೆ ಬಿಟ್ಟಿ ಆಡಿಸಿ. ಗೆಳೆಯರನ್ನು ಕೊನೆಗೆ ಕರೆಯಿರಿ, ಅವರು ಚೆನ್ನಾಗಿದೆ ಅನ್ನುತ್ತಾರೆ. ಮೊದಲು ಪಕ್ಕದ ಮನೆಯ ಆಂಟಿ, ಅಂಕಲ್, ಹೈಸ್ಕೂಲ್ ಮಕ್ಕಳು, ಆಮೇಲೆ ಮಂಡ್ಯದಿಂದ ನಿಮ್ಮ ನೆಂಟರು. ಕ್ಯಾಮೆರಾದಲ್ಲಿ ಒಗಟು ಬಿಡಿಸುವವರನ್ನು ಬಿಟ್ಟು ಕೈಕಟ್ಟಿ ನಿಂತವರನ್ನು ನೋಡಿ. ಯಾರು, ಯಾವ ನಿಮಿಷದಲ್ಲಿ, ಎಲ್ಲಿ ನಿಂತರು ಅಂತ ಬರೆದುಕೊಳ್ಳಿ. ಆ ಪಟ್ಟಿಯನ್ನು ನನಗೆ ಕಳಿಸಿ. ಒಗಟು ಬದಲಾಯಿಸಬೇಕಾ, ಕಥೆ ಬದಲಾಯಿಸಬೇಕಾ ಅಂತ ಕೂತು ನೋಡೋಣ.